ಬಾನಿಗೆ ಬಿಟ್ಟ ಬೆಲೂನು

೨೦೨೩ನೆಯ ಇಸವಿ ಫೆಬ್ರವರಿ ೧೦ರಂದು, ಅಲಾಸ್ಕಾದ ನೈಋತ್ಯ ಕರಾವಳಿಯಲ್ಲಿರುವ ಹೇಗ್‌ಮೈಸ್ಟರ್ ದ್ವೀಪದ ಬಳಿ, ಸುಮಾರು ೩೯,೦೦೦ ಅಡಿ ಎತ್ತರದಲ್ಲಿ ತೇಲುತ್ತಿದ್ದ ಪುಟ್ಟ ಬೆಲೂನೊಂದು ತಾನಿರುವ ಎಡೆಯನ್ನು ರೇಡಿಯೋ ಮೂಲಕ ತಿಳಿಸಿತು. ಅನಂತರ ಅದು ಮಾತನಾಡಲಿಲ್ಲ.

ಅಮೆರಿಕದ ಇಲಿನಾಯ್ ಸಂಸ್ಥಾನದ ಹವ್ಯಾಸಿಗಳ ಸಂಘವೊಂದು ಅದನ್ನು ಹಿಂದಿನ ವರ್ಷದ ಅಕ್ಟೋಬರ್ ೧೦ರಂದು ಹಾರಿಬಿಟ್ಟಿತ್ತು. ಸಂಘದ ಹೆಸರೇ ವಿನೋದವಾಗಿದೆ: 'ನಾರ್ದರ್ನ್ ಇಲಿನಾಯ್ ಬಾಟಲ್‌ಕ್ಯಾಪ್ ಬೆಲೂನ್ ಬ್ರಿಗೇಡ್', ಎಂದರೆ ಸೀಸೆಯ ಮುಚ್ಚಳದ ಬೆಲೂನು ದಳ! ಬೆಲೂನಾದರೂ ಮಕ್ಕಳ ಹುಟ್ಟುಹಬ್ಬದ ದಿನ ಮನೆಯ ಹಜಾರದಲ್ಲಿ ಕಟ್ಟುವಂಥದು. ಬೆಳ್ಳಿಯ ಬಣ್ಣದ ತೆಳುಹಾಳೆ. ಅಡ್ಡಳತೆ ೩೨ ಅಂಗುಲ. ಬೆಲೆ ಹನ್ನೆರಡು ಡಾಲರಿನಷ್ಟು. ಈ ಆಟದ ಸಾಮಾನು ನಾಲ್ಕು ತಿಂಗಳ ಕಾಲ ಗಾಳಿಯ ಹೆಗಲೇರಿ ಭೂಮಂಡಲವನ್ನು ಹಲವು ಸಲ ಪ್ರದಕ್ಷಿಣೆ ಮಾಡಿತ್ತು.

ಅದು ಮೌನವಾದ ಮರುದಿನ ಕೆನಡಾದ ಯೂಕಾನ್ ಪ್ರಾಂತದ ಮೇಲೆ ಅಮೆರಿಕದ ಎಫ್-೨೨ ಯುದ್ಧವಿಮಾನವೊಂದು ಕ್ಷಿಪಣಿಯನ್ನು ಪ್ರಯೋಗಿಸಿ 'ಗುರುತು ತಿಳಿಯದ ವಸ್ತು'ವೊಂದನ್ನು ಹೊಡೆದುರುಳಿಸಿತು. ಒಂದು ವಾರದ ಹಿಂದೆಯಷ್ಟೇ, ಫೆಬ್ರವರಿ ೪ರಂದು, ಅಮೆರಿಕವನ್ನು ಪಶ್ಚಿಮದಿಂದ ಪೂರ್ವಕ್ಕೆ ದಾಟಿಹೋದ ಚೀನಾದ ಭಾರಿ ಬೆಲೂನನ್ನು ಕಡಲಿನ ಮೇಲೆ ಕೆಡವಲಾಗಿತ್ತು. ಆ ಕಾವಿನಲ್ಲಿ ೧೦, ೧೧, ೧೨ನೆಯ ತಾರೀಖುಗಳಂದು ದಿನಕ್ಕೊಂದರಂತೆ ಮೂರು ವಸ್ತುಗಳು ಉರುಳಿದುವು. ಒಂದೊಂದು ಕ್ಷಿಪಣಿಯ ಬೆಲೆ ನಾಲ್ಕು ಲಕ್ಷ ಡಾಲರಿಗೂ ಮೇಲೆ. ಗಾಳಿಯ ಗತಿಯನ್ನು ಲೆಕ್ಕ ಹಾಕಿದವರಿಗೆ, ಇಲಿನಾಯಿನ ಬೆಲೂನು ೧೧ರಂದು ಯೂಕಾನಿನ ಮೇಲೆಯೇ ಇರಬೇಕಾಗಿತ್ತೆಂದು ಕಂಡುಬಂತು. ಸಂಘದವರು ದೂರಲಿಲ್ಲ, ದಾವೆ ಹೂಡಲಿಲ್ಲ; 'ನಮ್ಮ ಬೆಲೂನು ಕಾಣೆಯಾಗಿದೆ' ಎಂದಷ್ಟೇ ಹೇಳಿದರು. ೧೬ರಂದು ಅಂದಿನ ಅಧ್ಯಕ್ಷ ಬೈಡನ್ನರು, ಆ ಮೂರು ವಸ್ತುಗಳು ಖಾಸಗಿ ಕಂಪೆನಿಗಳಿಗೋ ವಿನೋದವಿಹಾರಕ್ಕೋ ಸಂಶೋಧನೆಗೋ ಸೇರಿದವಾಗಿದ್ದಿರಬಹುದೆಂದು ಒಪ್ಪಿಕೊಂಡರು. ಮರುದಿನವೇ ಯೂಕಾನಿನ ಹಿಮದಲ್ಲಿ ಶೋಧವನ್ನು ಕೈಬಿಡಲಾಯಿತು. ಹೀಗಾಗಿ ಕಾಣೆಯಾದುದಕ್ಕೂ ಉರುಳಿದುದಕ್ಕೂ ನಂಟನ್ನು ಯಾರೂ ಸಾಧಿಸಿ ತೋರಿಸಿಲ್ಲ.

ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ನಗುವುದು ಸುಲಭ. ಆದರೆ ವಸ್ತುವನ್ನು ಹೊಡೆಯಲು ಸರ್ಕಾರ ಕೊಟ್ಟ ಕಾರಣವನ್ನು ಗಮನಿಸಬೇಕು. ಅದು ಬರಿಯ ಗೂಢಚಾರಿಕೆಯ ಮಾತಲ್ಲ. ಆ ಎತ್ತರದಲ್ಲಿ ತೇಲುವ ವಸ್ತುವಿನಿಂದ ಪ್ರಯಾಣಿಕ ವಿಮಾನಗಳಿಗೆ ಅಪಾಯವುಂಟು ಎಂಬುದೂ ಆ ಕಾರಣದಲ್ಲಿ ಸೇರಿತ್ತು. ಅಪಾಯ ನಿಜವೇ, ನಿಜವಾದರೆ ಎಷ್ಟು ಎಂಬ ಪ್ರಶ್ನೆ ನಗೆಯಿಂದ ತೀರುವುದಿಲ್ಲ.

ಪಿಸುಮಾತಿನ ಪಯಣಿಗ

ಬೆಲೂನು ಹಾರಿಸುವ ರೇಡಿಯೋ ಹವ್ಯಾಸಿಗಳಲ್ಲಿ ಎರಡು ಪಂಗಡಗಳು. ಮೊದಲಿನವರದು ರಬ್ಬರಿನ ಬೆಲೂನು. ನೆಲದಲ್ಲಿ ಆಳೆತ್ತರವಿರುವ ಅದು ಮೇಲೇರಿದಂತೆಲ್ಲ ಹೊರಗಿನ ಗಾಳಿಯ ಒತ್ತಡ ಕುಗ್ಗಿ ಹಿಗ್ಗುತ್ತ ಹೋಗುತ್ತದೆ. ೩೦ ಕಿಲೋಮೀಟರ್ ಎತ್ತರದಲ್ಲಿ ಒತ್ತಡವು ನೆಲದಲ್ಲಿರುವುದರ ನೂರರಲ್ಲೊಂದು ಪಾಲು ಮಾತ್ರ. ಆ ವೇಳೆಗೆ ಬೆಲೂನು ಮನೆಯಷ್ಟು ದೊಡ್ಡದಾಗಿ ಒಡೆಯುತ್ತದೆ. ಕೆಳಗೆ ತೂಗುತ್ತಿದ್ದ ಕ್ಯಾಮೆರಾ, ರೇಡಿಯೋಗಳ ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಇಳಿಯುತ್ತದೆ. ಒಡೆಯರು ರೇಡಿಯೋ ದನಿಯ ಜಾಡು ಹಿಡಿದು ಕಾರಿನಲ್ಲಿ ಬೆನ್ನಟ್ಟಿ, ಯಾರದೋ ಹೊಲದಲ್ಲಿ ಅದನ್ನು ಹುಡುಕಿ ತೆಗೆಯುತ್ತಾರೆ. ಎಲ್ಲವೂ ಎರಡು ಮೂರು ಗಂಟೆಗಳ ಆಟ. ಫಿನ್ಲೆಂಡಿನ ಹವ್ಯಾಸಿಗಳು ೧೯೬೭ರಲ್ಲೇ ಇಂಥ ಬೆಲೂನುಗಳನ್ನು ಹಾರಿಸಿದ್ದರು. ಅಮೆರಿಕದಲ್ಲಿ ೧೯೮೭ರ ಆಗಸ್ಟ್ ೧೫ರಂದು ಓಹಾಯೋದ ಫಿಂಡ್ಲೆ ಪಟ್ಟಣದಿಂದ ಬಿಲ್ ಬ್ರೌನ್ ಎಂಬವರು ಹಾರಿಸಿದ ಬೆಲೂನಿನಿಂದ ಈ ಗೀಳು ಹರಡಿತು.

ಎರಡನೆಯವರ ಬೆಲೂನು ಹಿಗ್ಗುವುದೇ ಇಲ್ಲ. ತನ್ನ ಭಾರಕ್ಕಿಂತ ಕೆಲವೇ ಗ್ರಾಂ ಹೆಚ್ಚು ಎತ್ತಬಲ್ಲಷ್ಟು ಹೀಲಿಯಮ್ಮನ್ನೋ ಜಲಜನಕವನ್ನೋ ಅದರಲ್ಲಿ ತುಂಬುತ್ತಾರೆ. ಬಿಡುವಾಗ ಅದು ಅರೆಹೊಟ್ಟೆಯ ಚೀಲದಂತೆ ಸುಕ್ಕುಗಟ್ಟಿರುತ್ತದೆ. ಮೇಲೇರುತ್ತ ಒಳಗಿನ ಅನಿಲ ಹರಡಿ ಹಾಳೆ ಬಿಗಿಯುತ್ತದೆ. ಹಾಳೆ ಹಿಗ್ಗದಿರುವುದರಿಂದ ಗಾತ್ರ ಅಲ್ಲಿಗೆ ನಿಲ್ಲುತ್ತದೆ. ತಾನು ತಳ್ಳಿದ ಗಾಳಿಯ ತೂಕ ತನ್ನ ತೂಕಕ್ಕೆ ಸಮನಾದ ಮಟ್ಟವನ್ನು ಮುಟ್ಟಿದೊಡನೆ ಬೆಲೂನು ಅಲ್ಲಿಯೇ ನೆಲೆಗೊಂಡು, ಏರದೆ ಇಳಿಯದೆ, ಗಾಳಿ ಒಯ್ದತ್ತ ತೇಲುತ್ತದೆ. ಹಾಳೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಾಗದಿದ್ದರೆ ವಾರಗಳು, ತಿಂಗಳುಗಳು.

ಅದು ಹೊರುವ ಸಾಮಾನು ಹತ್ತು ಹದಿನೈದು ಗ್ರಾಂ ಮಾತ್ರ. ಅಂಚೆಚೀಟಿಯನ್ನು ಹೋಲುವ ವಿದ್ಯುತ್ ಹಲಗೆ. ಸೂರ್ಯನ ಬೆಳಕನ್ನು ವಿದ್ಯುತ್ತಾಗಿಸುವ ಒಂದೆರಡು ಬಿಲ್ಲೆಗಳು. ತಲೆಗೂದಲಿನಷ್ಟು ತೆಳುವಾದ ತಂತಿಯ ಆಂಟೆನಾ. ಬ್ಯಾಟರಿಯೇ ಇರುವುದಿಲ್ಲ. ಶೂನ್ಯಕ್ಕಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಬ್ಯಾಟರಿ ಸೋಲುತ್ತದೆ, ಅದರ ಭಾರವನ್ನೂ ಬೆಲೂನು ತಾಳದು. ೨೦೧೪ರ ಜುಲೈಯಲ್ಲಿ ಇಂಗ್ಲೆಂಡಿನ ಲಿಯೋ ಬೋಡ್ನರ್ ಹಾರಿಸಿದ 'ಬಿ-೬೪' ಎಂಬ ಬೆಲೂನು ಹನ್ನೊಂದು ಗ್ರಾಂ ಯಂತ್ರವನ್ನು ಹೊತ್ತು ಹತ್ತೊಂಬತ್ತು ದಿನಗಳಲ್ಲಿ ಭೂಮಿಯನ್ನು ಸುತ್ತಿಬಂದಾಗ ಹವ್ಯಾಸಿಗಳ ಜಗತ್ತೇ ಬೆರಗಾಯಿತು. ಹನ್ನೊಂದು ಗ್ರಾಂ ಎಂದರೆ ಅಕ್ಕಸಾಲಿಗರ ಲೆಕ್ಕದಲ್ಲಿ ಒಂದು ತೊಲಕ್ಕಿಂತ ಕಡಮೆ.

ಇಷ್ಟು ಕ್ಷೀಣವಾದ ಯಂತ್ರದ ದನಿ ಸಾಗರಗಳಾಚೆಗೆ ಹೇಗೆ ಕೇಳಿಸೀತು? ಇಲ್ಲಿ ಒಬ್ಬ ನೊಬೆಲ್ ವಿಜೇತರ ಕೈವಾಡವಿದೆ. ಜೋಡಿ ನಕ್ಷತ್ರಗಳಲ್ಲೊಂದು ಪಲ್ಸಾರ್ ಎಂಬುದನ್ನು ಕಂಡುಹಿಡಿದು ೧೯೯೩ರಲ್ಲಿ ಭೌತಶಾಸ್ತ್ರದ ಪಾರಿತೋಷಕವನ್ನು ಹಂಚಿಕೊಂಡ ಜೋಸೆಫ್ ಟೇಲರ್ ಬಾಲ್ಯದಿಂದಲೂ ರೇಡಿಯೋ ಹವ್ಯಾಸಿ. ನಕ್ಷತ್ರಗಳ ಕ್ಷೀಣ ದನಿಯನ್ನು ಗದ್ದಲದಿಂದ ಹೆಕ್ಕಿ ಪಳಗಿದ ಆ ವಿದ್ವಾಂಸರು ೨೦೦೮ರಲ್ಲಿ ಹವ್ಯಾಸಿಗಳಿಗಾಗಿ ಒಂದು ಸಂಕೇತಕ್ರಮವನ್ನು ರಚಿಸಿಕೊಟ್ಟರು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಓದಿದರೆ 'ವಿಸ್ಪರ್', ಎಂದರೆ ಪಿಸುಮಾತು, ಎಂದಾಗುತ್ತದೆ. ಕರೆಹೆಸರು, ಇರುವ ಚೌಕ, ಬಳಸಿದ ವಿದ್ಯುಚ್ಛಕ್ತಿ ಇವಿಷ್ಟನ್ನೇ ಎರಡು ನಿಮಿಷಗಳಷ್ಟು ಕಾಲ ನಿಧಾನವಾಗಿ ಉಸುರುವುದು ಅದರ ರೀತಿ. ಟಾರ್ಚಿನ ಬಲ್ಬನ್ನೂ ಹೊತ್ತಿಸಲಾರದ, ವ್ಯಾಟಿನ ನೂರರಲ್ಲೊಂದೆರಡು ಪಾಲಿನ ಶಕ್ತಿಯಿಂದ ಹೊರಟ ಆ ಪಿಸುಮಾತನ್ನು ಸಾವಿರಾರು ಮೈಲಿಗಳಾಚೆಯ ಅಪರಿಚಿತ ಹವ್ಯಾಸಿಯೊಬ್ಬನ ರೇಡಿಯೋ ಹಿಡಿದು, ಎಲ್ಲರೂ ನೋಡಬಹುದಾದ ಭೂಪಟದಲ್ಲಿ ಗುರುತು ಹಾಕುತ್ತದೆ.

ಸೂರ್ಯ ಮುಳುಗಿದೊಡನೆ ಬೆಲೂನು ಮೂಕವಾಗುತ್ತದೆ. ರಾತ್ರಿಯೆಲ್ಲ ಅದು ಎಲ್ಲಿ ಸಾಗಿತೆಂಬುದು ಯಾರಿಗೂ ತಿಳಿಯದು. ಬೆಲೂನಿದ್ದಲ್ಲಿ ಬೆಳಗಾಗುವ ಹೊತ್ತನ್ನು ಲೆಕ್ಕ ಹಾಕಿಕೊಂಡು, ಮನೆಯವರೆಲ್ಲ ಮಲಗಿರುವಾಗ ಒಬ್ಬ ಗೃಹಸ್ಥ ಯಂತ್ರದ ಮುಂದೆ ಕಾದು ಕುಳಿತಿರುತ್ತಾನೆ. ಸಂಜೆ ಶಾಲೆಯಿಂದ ಮಗ ಬರುವುದು ತಡವಾದರೆ ಬಾಗಿಲಿಗೆ ಬಂದು ನಿಲ್ಲುವ ತಾಯಂದಿರಿಗೆ ಈ ಕಾಯುವಿಕೆಯ ರುಚಿಯನ್ನು ವಿವರಿಸಬೇಕಾಗಿಲ್ಲ.

ಬಾನಿನ ಹೆದ್ದಾರಿ

ಇಕ್ಕಟ್ಟು ಇರುವುದು ಎತ್ತರದಲ್ಲಿ. ಪ್ರಯಾಣಿಕ ಜೆಟ್ ವಿಮಾನಗಳು ದೂರದ ಹಾದಿಯಲ್ಲಿ ಸಂಚರಿಸುವುದು ೩೦ರಿಂದ ೪೨ ಸಾವಿರ ಅಡಿಗಳ ನಡುವೆ. ಪುಟ್ಟ ಬೆಲೂನು ನೆಲೆಗೊಳ್ಳುವುದೂ ಹೆಚ್ಚುಕಡಮೆ ಅಲ್ಲಿಯೇ. ರಬ್ಬರಿನ ಬೆಲೂನಾದರೆ ಏರುವಾಗ ಹತ್ತು ನಿಮಿಷಗಳಲ್ಲಿ ಆ ಪಟ್ಟಿಯನ್ನು ದಾಟಿಹೋಗುತ್ತದೆ. ಇದು ಹೆದ್ದಾರಿಯ ನಡುವೆ ಬಿಡಾರ ಹೂಡಿದ ಬಿಡಾಡಿ ದನದಂತೆ ಅಲ್ಲಿಯೇ ಉಳಿಯುತ್ತದೆ. ಅದಕ್ಕೆ ಚುಕ್ಕಾಣಿಯಿಲ್ಲ, ಎದುರಿಗೆ ವಿಮಾನ ಬಂದರೆ ಸರಿಯಲಾರದು. ಪೈಲಟನಿಗೂ ಅದು ಕಾಣುವುದಿಲ್ಲ. ಕಂಡರೂ ಸೆಕೆಂಡಿಗೆ ಕಾಲು ಕಿಲೋಮೀಟರಿನಷ್ಟು ಮುನ್ನುಗ್ಗುವಾಗ ತಪ್ಪಿಸಿಕೊಳ್ಳುವಷ್ಟು ವ್ಯವಧಾನವಿಲ್ಲ. ಆದ್ದರಿಂದ ಒಮ್ಮೆ ಕೈಬಿಟ್ಟ ಬೆಲೂನಿನ ವಿಷಯದಲ್ಲಿ ಸುರಕ್ಷತೆಯೆಂಬುದೆಲ್ಲ ಕೈಬಿಡುವ ಮೊದಲೇ ತೀರ್ಮಾನವಾಗಿರಬೇಕು. ಎಷ್ಟು ತೂಕ, ಆ ತೂಕ ಎಷ್ಟು ಒತ್ತೊತ್ತಾಗಿದೆ, ಯಾರಿಗೆ ಮುಂಚಿತವಾಗಿ ಹೇಳಿದೆ ಎಂಬ ಮೂರರಲ್ಲೇ ಅದರ ಒಳಿತು ಕೆಡುಕು ಅಡಗಿದೆ.

ತೂಕದ ಮಾತು ಬರಿಯ ಊಹೆಯದಲ್ಲ. ೧೯೭೦ರ ಏಪ್ರಿಲ್ ೧ರಂದು ಸೋವಿಯತ್ ಒಕ್ಕೂಟದಲ್ಲಿ ನೊವೊಸಿಬಿರ್ಸ್ಕ್‌ನಿಂದ ಕ್ರಾಸ್ನೊಯಾರ್ಸ್ಕ್‌ಗೆ ಹೊರಟಿದ್ದ ಆಂಟೊನೊವ್-೨೪ ವಿಮಾನವು ಹವಾಮಾನದವರ ಬೆಲೂನೊಂದಕ್ಕೆ ಡಿಕ್ಕಿ ಹೊಡೆಯಿತು. ಮೂತಿಯ ಕವಚ ಕುಸಿದು, ವಿಮಾನ ತಲೆಕೆಳಗಾಗಿ ಧುಮುಕಿ, ಬಾನಿನಲ್ಲೇ ಮುರಿಯಿತು. ಅದರಲ್ಲಿದ್ದ ೪೫ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಜಗತ್ತಿನ ನೂರಾರು ಕೇಂದ್ರಗಳಿಂದ ದಿನಕ್ಕೆರಡು ಸಲ ಹವಾಮಾನದ ಬೆಲೂನುಗಳು ಏರುತ್ತಿರುವಾಗ ಇಂಥ ಅನಾಹುತ ಅತಿ ವಿರಳವೆಂಬುದು ನಿಜ. ಆದರೆ ಎಂದೂ ಆಗಿಲ್ಲ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ.

ಕಾಯಿದೆಗಳು ಹುಟ್ಟಿದ್ದು ಇದಕ್ಕಾಗಿಯೇ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಮಾನವರಹಿತ ಬೆಲೂನುಗಳನ್ನು ಹಗುರ, ಮಧ್ಯಮ, ಭಾರ ಎಂದು ವಿಂಗಡಿಸಿದೆ. ಹೊತ್ತ ಸಾಮಾನು ಒಟ್ಟು ನಾಲ್ಕು ಕಿಲೋಗ್ರಾಮಿಗಿಂತ ಕಡಮೆಯಿದ್ದರೆ ಸಾಮಾನ್ಯವಾಗಿ ಹಗುರವೆಂದು ಎಣಿಕೆ. ಅಮೆರಿಕದ ನಿಯಮ ಇನ್ನೂ ಸೂಕ್ಷ್ಮವಾದುದು. ಆರು ಪೌಂಡಿನವರೆಗಿನ ಒಂದು ಪೆಟ್ಟಿಗೆಗೆ ವಿನಾಯಿತಿಯುಂಟು. ಆದರೆ ನಾಲ್ಕು ಪೌಂಡು ಮೀರಿದರೆ ಆ ಪೆಟ್ಟಿಗೆಯ ಭಾರ ಚದರ ಅಂಗುಲಕ್ಕೆ ಮೂರು ಔನ್ಸಿಗಿಂತ ಒತ್ತಾಗಿರಕೂಡದು. ಅರ್ಧ ಕಿಲೋ ಹತ್ತಿ ತಗುಲುವುದಕ್ಕೂ ಅರ್ಧ ಕಿಲೋ ಗುಂಡುಕಲ್ಲು ತಗುಲುವುದಕ್ಕೂ ಇರುವ ಅಂತರವನ್ನು ಕಾನೂನಿನ ಭಾಷೆಯಲ್ಲಿ ಹೇಳುವ ಬಗೆ ಅದು. ಪೆಟ್ಟಿಗೆಯನ್ನು ಕಟ್ಟಿದ ಹಗ್ಗವೂ ಐವತ್ತು ಪೌಂಡುಗಳ ಸೆಳೆತಕ್ಕೆ ಹರಿಯುವಂಥದಾಗಿರಬೇಕು. ರೆಕ್ಕೆಗೆ ಸಿಕ್ಕಿಕೊಂಡರೆ ಅದು ತುಂಡಾಗಬೇಕೇ ಹೊರತು ವಿಮಾನವನ್ನು ಹಿಡಿದೆಳೆಯಬಾರದು.

ಈ ಮಿತಿಗಳು ಸಾಕೆಂದೇ ಬಹುಕಾಲ ಎಲ್ಲರೂ ನಂಬಿದ್ದರು. ೨೦೨೫ರ ಅಕ್ಟೋಬರ್ ೧೬ರಂದು ಆ ನಂಬಿಕೆಗೆ ಬಿರುಕು ಬಿಟ್ಟಿತು. ಡೆನ್ವರಿನಿಂದ ಲಾಸ್ ಏಂಜಲೀಸಿಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸಿನ ಬೋಯಿಂಗ್ ೭೩೭ ವಿಮಾನ ಯೂಟಾ ಸಂಸ್ಥಾನದ ಮೇಲೆ ೩೬,೦೦೦ ಅಡಿ ಎತ್ತರದಲ್ಲಿತ್ತು. ಮುಖ್ಯ ಪೈಲಟರಿಗೆ ದಿಗಂತದಲ್ಲಿ ಏನೋ ಒಂದು ಕಾಣಿಸಿತು. ಪಕ್ಕದ ಜೊತೆಗಾರನಿಗೆ ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಭಾರಿ ಸದ್ದಿನೊಡನೆ ಅದು ಮುಂಗಾಜಿಗೆ ಬಡಿದು, ಗಾಜಿನ ಚೂರುಗಳು ಇಬ್ಬರ ಮೇಲೂ ಸಿಡಿದುವು. ಪೈಲಟರ ತೋಳಿನಲ್ಲಿ ಗಾಯಗಳಾದುವು. ದೇವರ ದಯೆ, ಗಾಜು ತೂತಾಗಲಿಲ್ಲ. ಒಳಗಿನ ಗಾಳಿಯ ಒತ್ತಡ ಕೆಡಲಿಲ್ಲ. ಅವರು ವಿಮಾನವನ್ನು ಸಾಲ್ಟ್ ಲೇಕ್ ಸಿಟಿಗೆ ತಿರುಗಿಸಿ ಸುರಕ್ಷಿತವಾಗಿ ಇಳಿಸಿದರು. ಬಡಿದದ್ದು 'ವಿಂಡ್‌ಬೋರ್ನ್' ಎಂಬ ಕಂಪೆನಿಯ ಹವಾಮಾನ ಬೆಲೂನು. ತೂಕ ೨.೪ ಪೌಂಡು, ಎಂದರೆ ೧.೧ ಕಿಲೋಗ್ರಾಂ. ಅದು ಹವ್ಯಾಸಿಗಳದಲ್ಲ; ಗುಟ್ಟಾಗಿ ಹಾರಿಸಿದ್ದೂ ಅಲ್ಲ. ಕಾಯಿದೆಯ ಮಿತಿಯೊಳಗೇ ಇತ್ತು. ಮಿತಿಯೊಳಗಿದ್ದೂ ಮುಂಗಾಜು ಒಡೆಯಿತೆಂಬುದೇ ಯೋಚಿಸಬೇಕಾದ ಸಂಗತಿ.

ಇಲ್ಲಿ ಒಂದಿಷ್ಟು ಅಂಕಗಣಿತ ಮಾಡಿದರೆ ಮಸಕು ಹರಿಯುತ್ತದೆ. ಬೆಲೂನು ಗಾಳಿಯೊಡನೆ ತೇಲುವುದರಿಂದ ಡಿಕ್ಕಿಯ ವೇಗವೆಂದರೆ ಗಾಳಿಯಲ್ಲಿ ವಿಮಾನಕ್ಕಿರುವ ವೇಗವೇ; ಗಂಟೆಗೆ ೮೩೦ ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಆ ವೇಗದಲ್ಲಿ ಹನ್ನೆರಡು ಗ್ರಾಂ ವಸ್ತುವಿನ ಪೆಟ್ಟಿನ ಶಕ್ತಿ, ಗಂಟೆಗೆ ೧೪೪ ಕಿಲೋಮೀಟರ್ ವೇಗದಲ್ಲಿ ಎಸೆದ ಕ್ರಿಕೆಟ್ ಚೆಂಡಿನ ಎರಡೂವರೆ ಪಟ್ಟು ಮಾತ್ರ. ಪೆಟ್ಟೇನೋ ಹೌದು, ಆದರೆ ನಾಲ್ಕು ಪೌಂಡಿನ ಹಕ್ಕಿ ಬಂದು ಅಪ್ಪಳಿಸಿದರೂ ತೂತಾಗಬಾರದೆಂದು ಪರೀಕ್ಷಿಸಿ ಕೂಡಿಸಿದ ಗಾಜಿಗೆ ಅದು ಲೆಕ್ಕಕ್ಕಿಲ್ಲ. ೧.೧ ಕಿಲೋಗ್ರಾಮಿನದಾದರೋ ಅಂಥ ಇನ್ನೂರಕ್ಕೂ ಹೆಚ್ಚು ಚೆಂಡುಗಳು ಒಂದೇ ಗಳಿಗೆಯಲ್ಲಿ ಬಂದು ಬಡಿದಂತೆ! ಹವ್ಯಾಸಿಯ ಪುಟ್ಟ ಬೆಲೂನನ್ನೂ ಕಿಲೋ ತೂಕದ ಬೆಲೂನನ್ನೂ ಒಂದೇ ಹೆಸರಿನಿಂದ ಕರೆಯುವುದು ಪತಂಗವನ್ನೂ ಗರುಡನನ್ನೂ ಹಕ್ಕಿಯೆಂದ ಹಾಗೆ.

ಈ ವಿವೇಚನೆ ಶಾಸನ ಮಾಡುವವರಿಗೆ ಇದೆಯೇ ಎಂಬುದು ಹವ್ಯಾಸಿಗಳ ಚಿಂತೆ. ೨೦೨೪ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದ ವಿಮಾನಯಾನ ಶಾಸನವು, ಹತ್ತು ಸಾವಿರ ಅಡಿಗಿಂತ ಮೇಲೆ ಹಾರುವ ಬೆಲೂನುಗಳು ತಮ್ಮ ಗುರುತು, ಎಡೆ, ಎತ್ತರಗಳನ್ನು ಎಡೆಬಿಡದೆ ಸಾರುವಂತೆ ಮಾಡುವ ಕ್ರಮವನ್ನು ಸೂಚಿಸಲು ಸಮಿತಿಯೊಂದನ್ನು ನೇಮಿಸಬೇಕೆಂದು ವಿಧಿಸಿತು. ಕೇಳಲು ನ್ಯಾಯವಾದ ಮಾತೇ. ಆದರೆ ವಿಮಾನಗಳಿಗೆ ಕೇಳಿಸುವ ಟ್ರಾನ್ಸ್‌ಪಾಂಡರ್ ಯಂತ್ರ ಪಿಸುಗುಟ್ಟುವುದಿಲ್ಲ, ಕೂಗುತ್ತದೆ; ಅದಕ್ಕೆ ಬೇಕಾದ ಬ್ಯಾಟರಿಯನ್ನೂ ಕೂಡಿಸಿದರೆ ಅದರ ಭಾರ ಪುಟ್ಟ ಬೆಲೂನು ಹೊರುವುದರ ಎಷ್ಟೋ ಪಟ್ಟು. ಅದನ್ನು ಹೊರಲು ದೊಡ್ಡ ಬೆಲೂನು ಬೇಕು. ಎಂದರೆ ಸುರಕ್ಷತೆಗಾಗಿ ಹಗುರವಾದುದನ್ನು ಭಾರ ಮಾಡಿದಂತಾಗುತ್ತದೆ. ಕಿಲೋಗ್ರಾಂ ತೂಗುವ ಬೆಲೂನುಗಳಿಗೆ ಈ ವಿಧಿ ಬೇಕೇ ಬೇಕು. ಯೂಟಾದ ಪ್ರಕರಣದ ಬಳಿಕ ಅದರಲ್ಲಿ ಎರಡು ಮಾತಿಲ್ಲ. ವಿಂಡ್‌ಬೋರ್ನ್ ಕಂಪೆನಿಯೇ ತನ್ನ ಬೆಲೂನುಗಳು ೩೦ರಿಂದ ೪೦ ಸಾವಿರ ಅಡಿಗಳ ನಡುವೆ ಕಳೆಯುವ ಕಾಲವನ್ನು ತಗ್ಗಿಸುವುದಾಗಿ ಹೇಳಿತು. ಹತ್ತು ಗ್ರಾಮಿನವುಗಳ ಮಾತು ಬೇರೆ. ಆದರೆ ಹವ್ಯಾಸಿಗಳೂ ವಿನಾಯಿತಿಯ ಸೆರಗಿನ ಮರೆಯಲ್ಲಿ ನಿಂತು ಸುಮ್ಮನಿರುವುದು ಸಲ್ಲದು. ಬಿಡುವ ದಿನ, ಹೊತ್ತು, ಎಡೆಗಳನ್ನು ವಿಮಾನ ಸಂಚಾರ ನಿಯಂತ್ರಕರಿಗೆ ಮುಂಚಿತವಾಗಿ ತಿಳಿಸಲು ತಗಲುವುದು ಒಂದು ಟೆಲಿಫೋನ್ ಕರೆ. ಅನೇಕ ಸಂಘಗಳು ಕಾಯಿದೆ ಕೇಳದಿದ್ದರೂ ಅದನ್ನು ಮಾಡುತ್ತವೆ.

ಇದಲ್ಲದೆ ಕಳ್ಳರಿಂದಲೂ ಸಜ್ಜನರಿಗೆ ಕಷ್ಟ. ೨೦೨೫ರ ಅಕ್ಟೋಬರಿನಲ್ಲಿ ಬೆಲಾರೂಸಿನ ಕಡೆಯಿಂದ ಸಿಗರೇಟುಗಳನ್ನು ಹೊತ್ತ ಕಳ್ಳಸಾಗಣೆಯ ಬೆಲೂನುಗಳು ಲಿಥುವೇನಿಯಾದೊಳಕ್ಕೆ ತೇಲಿಬಂದು, ರಾಜಧಾನಿ ವಿಲ್ನಿಯಸ್ಸಿನ ವಿಮಾನ ನಿಲ್ದಾಣವನ್ನು ಹಲವು ಬಾರಿ ಮುಚ್ಚಬೇಕಾಯಿತು. ಅಲ್ಲಿ ಈಗ ಬೆಲೂನು ಎಂದೊಡನೆ ಹುಟ್ಟುಹಬ್ಬದ ನೆನಪಾಗುವುದು ಕಷ್ಟ.

ಜಲಸಂಗಿಯ ಮಾಡಿನ ಮೇಲೆ

ಇದೆಲ್ಲ ಪರದೇಶದ ವೃತ್ತಾಂತವೆಂದು ಕನ್ನಡದ ಓದುಗರು ದೂರವಿಡುವಂತಿಲ್ಲ. ಹವಾಮಾನ ಇಲಾಖೆಯವರ ಬೆಲೂನುಗಳು ಬೆಂಗಳೂರು, ಮಂಗಳೂರುಗಳಿಂದಲೂ ಏರುತ್ತವೆ. ಕಳೆದ ದಶಕದ ಆದಿಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಹೊಸಕೋಟೆಯ ತಮ್ಮ ಆವರಣದಿಂದ ಹಗುರವಾದ ಉಪಕರಣಗಳನ್ನು ಬೆಲೂನುಗಳಲ್ಲಿ ಮೇಲಕ್ಕೆ ಕಳುಹಿಸಿದರು. ಬೆಂಗಳೂರಿನ ರೇಡಿಯೋ ಹವ್ಯಾಸಿಗಳಾದರೋ ಬೆಲೂನನ್ನೂ ಮೀರಿ ಹೋದವರು. ೨೦೦೫ರ ಮೇ ೫ರಂದು ಹಾರಿದ 'ಹ್ಯಾಮ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹದ ನಿರ್ಮಾಣದಲ್ಲಿ ಅವರ ಕೈಯೂ ಇತ್ತು.

ಎಲ್ಲಕ್ಕಿಂತ ದೊಡ್ಡ ಬೆಲೂನುಗಳು ಹೈದರಾಬಾದಿನವು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ಅಲ್ಲಿ ನಡೆಸುವ ಬೆಲೂನು ಕೇಂದ್ರದಿಂದ ಐವತ್ತು ಮೀಟರುಗಳಿಗೂ ಮಿಕ್ಕ ಅಡ್ಡಳತೆಯ ಪಾಲಿಥೀನ್ ಬೆಲೂನುಗಳು ವಿಜ್ಞಾನದ ಸಾಮಗ್ರಿಯನ್ನು ಹೊತ್ತು ವಿಮಾನಗಳ ಹಾದಿಗಿಂತ ಎಷ್ಟೋ ಮೇಲೆ, ೩೦ರಿಂದ ೪೨ ಕಿಲೋಮೀಟರ್ ಎತ್ತರಕ್ಕೆ, ಏರುತ್ತವೆ. ಗಾಳಿಯ ಗತಿಯಂತೆ ಅವು ಒಮ್ಮೊಮ್ಮೆ ಕರ್ನಾಟಕದ ನೆಲಕ್ಕೂ ಬಂದಿಳಿಯುವುದುಂಟು.

೨೦೨೫ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಹಾಗೆಯೇ ಆಯಿತು. ಸಾಹಿತ್ಯಾಸಕ್ತರಿಗೆ ಈ ಊರು ಅಪರಿಚಿತವಲ್ಲ. ಚಾಲುಕ್ಯರ ಕಾಲದ ಗುಡಿಯ ಗೋಡೆಯಲ್ಲಿ ಶಾಸನವನ್ನು ಬರೆಯುತ್ತ ನಿಂತ ಶಿಲಾಬಾಲಿಕೆಯ ಊರದು. ಒಂದು ಬೆಳಗ್ಗೆ ಬೃಹದಾಕಾರದ ಬೆಲೂನು ಯಂತ್ರದ ಪೆಟ್ಟಿಗೆಯೊಡನೆ ಮನೆಯೊಂದರ ಮೇಲೆ ಬಂದು ಬಿದ್ದಾಗ ಊರವರು ದಿಗಿಲುಗೊಂಡರು. ಪೆಟ್ಟಿಗೆಯ ಮೇಲಿನ ಬರಹದಿಂದ ಅದು ಹೈದರಾಬಾದಿನ ಸಂಶೋಧನ ಕೇಂದ್ರದ್ದೆಂದು ತಿಳಿದ ಬಳಿಕವೇ ನೆಮ್ಮದಿ.

ಆ ಕೇಂದ್ರದವರು ಬೆಲೂನುಗಳನ್ನು ಬಿಡುವ ಋತು ಬಂದಾಗಲೆಲ್ಲ ಸುತ್ತಣ ರಾಜ್ಯಗಳ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತಾರೆ. ಬಣ್ಣದ ಪ್ಯಾರಾಚೂಟಿಗೆ ಕಟ್ಟಿದ ಪೆಟ್ಟಿಗೆ ಹೊಲದಲ್ಲೋ ಊರಿನಲ್ಲೋ ಬಿದ್ದಿರುವುದನ್ನು ಕಂಡವರು ಅದನ್ನು ಎಳೆದಾಡಬಾರದು, ಬಿಚ್ಚಬಾರದು. ಕೆಲವು ಯಂತ್ರಗಳಲ್ಲಿ ಅಪಾಯಕರವಾದ ವಿದ್ಯುತ್ತಿರಬಹುದು. ಹತ್ತಿರದ ಪೊಲೀಸರಿಗೋ ಅಂಚೆ ಕಚೇರಿಗೋ, ಪೆಟ್ಟಿಗೆಯ ಮೇಲಿನ ವಿಳಾಸಕ್ಕೋ ಸುದ್ದಿ ಮುಟ್ಟಿಸಿದರೆ ಕೇಂದ್ರದವರೇ ಬಂದು ಒಯ್ಯುತ್ತಾರೆ. ತಿಳಿಸಿದವರಿಗೆ ತಕ್ಕ ಬಹುಮಾನವೂ ಉಂಟು.